ಗಗನಳ ಹೆಸರಿನಲ್ಲಿ ಬಾಯಿಬೀಗ

ಕೆರಗೋಡು ದಾಟಿ ಎರಡು ಊರು ಆಚೆಗಿರುವ ಹಾಲಿನ ಡೈರಿಯಲ್ಲಿ, ಕೆಟ್ಟ ಹಾಲು ತಂದು ಶಶಿಧರನ ಕಣ್ಣು ತಪ್ಪಿಸಿದವರು ಇನ್ನೂ ಹುಟ್ಟಿಲ್ಲ. ಬೆಳಿಗ್ಗೆ ಆರಕ್ಕೊಂದು ಸಲ, ಸಂಜೆ ಆರಕ್ಕೊಂದು ಸಲ, ಹದಿಮೂರು ವರ್ಷದಿಂದ ಅವನದು ಇದೊಂದೇ ಕೆಲಸ. ಕ್ಯಾನು ಮುಂದೆ ಬಂದರೆ ಮುಚ್ಚಳ ತೆಗೆದು ಮೊದಲು ಮೂಸುತ್ತಾನೆ. ಆಮೇಲೆ ನೀರು ಬೆರೆತಿದೆಯೇ ನೋಡಲು ಲ್ಯಾಕ್ಟೋಮೀಟರ್ ಇಳಿಬಿಡುತ್ತಾನೆ. ಆಮೇಲೆ ಒಂದು ಚೂರು ಹಾಲನ್ನು ಮಿಷನ್ನಿಗೆ ಹಾಕಿ ಫ್ಯಾಟು ನೋಡುತ್ತಾನೆ. ಸರಿಯಿದ್ದರೆ ತಲೆಯಾಡಿಸುತ್ತಾನೆ. ಇಲ್ಲದಿದ್ದರೆ "ವಾಪಸ್" ಎನ್ನುತ್ತಾನೆ, ಅಷ್ಟೆ. ಸ್ವಂತ ಚಿಕ್ಕಪ್ಪನ ಹಾಲನ್ನೇ ವಾಪಸ್ ಕಳಿಸಿ ಆರು ತಿಂಗಳು ಮಾತು ಬಿಡಿಸಿಕೊಂಡ ಮಹಾನುಭಾವ ಅವನು.

ಒಂದು ದಿನ ಮುದ್ದಯ್ಯ ಎನ್ನುವ ಹಿರಿಯರು ಕೆಚ್ಚಲು ಬಾವು ಬಂದ ಹಸುವಿನ ಹಾಲು ತಂದಿದ್ದರು. ಡಾಕ್ಟರು ಬಂದು ಹಸುವಿಗೆ ಸೂಜಿಮದ್ದು ಕೊಟ್ಟು ಹೋಗಿ ಒಂದು ದಿನವೂ ಆಗಿರಲಿಲ್ಲ. ಊರಿನಲ್ಲಿ ಅಂಥ ಸುದ್ದಿ ಶಶಿಧರನಿಗೆ ತಲುಪದೆ ಇರುವುದಿಲ್ಲ.

"ಆಲು ನೋಡ್ಲಾ ಸಸಿದರ, ಎಂಗೆ ಬೆಳ್ಳಗದೆ. ಇದ್ರಲ್ಲೇನದೆ ಕೊರೆ?"

"ಬೆಳ್ಳಗದೆ ಮುದ್ದಣ್ಣ. ಒಳಗೆ ಮದ್ದದೆ. ನಿನ್ನೊಂದು ಕ್ಯಾನು ಉಯ್ದ್ರೆ ಇಡೀ ಟ್ಯಾಂಕು ಕೆಡ್ತದೆ. ನಾಕ್ ದಿನ ಬುಟ್ಟು ತಕಬಾ."

"ನೀನೇನ್ಲಾ, ಕಲ್ಲೆದೆಯವ್ನು" ಎಂದು ಮುದ್ದಯ್ಯ ಬೈದುಕೊಂಡು ಕ್ಯಾನು ಎತ್ತಿಕೊಂಡು ಹೋದರು. ಶಶಿಧರ ಮುಂದಿನ ಕ್ಯಾನಿನ ಮುಚ್ಚಳ ತೆಗೆದ. ಗೋಡೆಯ ಮೇಲೆ ನೋಟೀಸು ಅಂಟಿಸಿದವನು ಅವನೇ, ಸಾಲಿನಲ್ಲಿ ನಿಂತವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿ ಹೇಳಿದವನೂ ಅವನೇ: ಹಸುವಿಗೆ ಮದ್ದು ಹಾಕಿಸಿದ್ದರೆ ನಾಲ್ಕು ದಿನ ಹಾಲು ತರಬೇಡಿ. ಈ ನೋಟೀಸಿನ ವಿಷಯ ನೆನಪಿನಲ್ಲಿಡಿ, ಯಾಕೆಂದರೆ ಮುಂದೆ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇಂಥ ಕಟ್ಟುನಿಟ್ಟಿನ ಮನುಷ್ಯನಿಗೆ ಒಂದು ಹುಚ್ಚಿತ್ತು. ರಕ್ತ ಕೊಡುವ ಹುಚ್ಚು. ಮಂಡ್ಯದಲ್ಲಿ ಶಿಬಿರ ನಡೆಯಲಿ, ಮದ್ದೂರಿನಲ್ಲಿ ನಡೆಯಲಿ, ಹೆಂಡತಿ ವೀಣಳ ತವರಿನ ಕಡೆ ಮಳವಳ್ಳಿಯಲ್ಲಿ ನಡೆಯಲಿ, ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತಿ ಹೋಗಿ ತೋಳು ಚಾಚಿ ಮಲಗುತ್ತಿದ್ದ. ಅಲ್ಲಿ ಕೊಡುವ ಬಿಸ್ಕತ್ತನ್ನೂ ಜ್ಯೂಸಿನ ಪೊಟ್ಟಣವನ್ನೂ ತಾನು ಮುಟ್ಟದೆ ಮಗಳು ಅರ್ಪಿತಳಿಗೆ ತರುತ್ತಿದ್ದ. ನಮ್ಮಪ್ಪ ರಕ್ತ ಕೊಟ್ಟು ಬಿಸ್ಕತ್ತು ತರುತ್ತಾರೆ ಎಂದು ಅವಳು ಶಾಲೆಯಲ್ಲಿ ಟೀಚರಿಗೆ ಹೇಳಿ ವೀಣಳ ಮಾನ ತೆಗೆದಿದ್ದಳು.

ಅಂಥದ್ದೇ ಒಂದು ಶಿಬಿರ ಭಾರತೀನಗರದ ಕಾಲೇಜಿನಲ್ಲಿ ನಡೆದಿತ್ತು. ರಕ್ತ ಕೊಟ್ಟು ಎದ್ದವನನ್ನು ಪಕ್ಕದ ಮೇಜಿನ ಹುಡುಗಿಯೊಬ್ಬಳು ಕರೆದು, ಹತ್ತಿ ಸುತ್ತಿದ ಕಡ್ಡಿಯನ್ನು ಅವನ ಕೆನ್ನೆಯ ಒಳಗೆ ಉಜ್ಜಿ ಕವರಿಗೆ ಹಾಕಿಕೊಂಡಳು. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತವನ್ನೇ ಹುಟ್ಟಿಸುವ ಕಾಂಡಕೋಶಗಳಿರುತ್ತವೆ, ರಕ್ತದ ಕ್ಯಾನ್ಸರ್ ಬಂದವರ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಸುಟ್ಟು ಇನ್ನೊಬ್ಬರ ಕಾಂಡಕೋಶ ಬಿಟ್ಟರೆ ಹೊಸ ರಕ್ತ ಹುಟ್ಟುತ್ತದೆ, ಆದರೆ ಇಬ್ಬರದ್ದೂ ಹೊಂದಬೇಕು, ಹೊಂದುವುದು ಲಕ್ಷಕ್ಕೊಬ್ಬರದ್ದು ಎಂದು ಅವಳು ವಿವರಿಸಿದಳು. ಶಶಿಧರ ಕಬ್ಬು ಕಂಡವನು. ಕೊಯ್ದ ಹೊಲದಲ್ಲಿ ಕೂಳೆಯಿಂದ ಮತ್ತೆ ಕಬ್ಬು ಬರುವುದನ್ನು ಪ್ರತಿ ವರ್ಷ ನೋಡುವವನಿಗೆ ಇದೇನೂ ಕಷ್ಟದ ಪಾಠವಾಗಲಿಲ್ಲ. ಸಹಿ ಹಾಕಿ ಬಂದು ಮರೆತುಬಿಟ್ಟ.

ಐದು ವರ್ಷವಾದ ಮೇಲೆ, ಒಂದು ಕಾರ್ತಿಕದ ಬೆಳಿಗ್ಗೆ, ಡೈರಿಯ ನೆಲ ತೊಳೆಯುತ್ತಿದ್ದಾಗ ಬೆಂಗಳೂರಿನಿಂದ ಫೋನು ಬಂತು. ದಾನಿಗಳ ಪಟ್ಟಿ ನೋಡಿಕೊಳ್ಳುವ ಸಂಸ್ಥೆಯವರು, ಹೆಸರು ಪ್ರಸನ್ನ.

"ಶಶಿಧರ್ ಅವರೇ, ಹೊರದೇಶದಲ್ಲಿ ಒಂದು ಹೆಣ್ಣುಮಗು ಇದೆ. ಒಂಬತ್ತು ವರ್ಷ. ರಕ್ತದ ಕ್ಯಾನ್ಸರ್. ಎಲ್ಲ ದೇಶಗಳ ಪಟ್ಟಿ ಜಾಲಾಡಿದ್ದಾರೆ. ಪೂರ್ತಿ ಹೊಂದಿದ್ದು ನಿಮ್ಮೊಬ್ಬರದ್ದೇ."

"ಯಾವ ದೇಶ ಸಾರ್? ಏನ್ ಹೆಸ್ರು?"

"ಅದನ್ನ ಹೇಳೋ ಹಾಗಿಲ್ಲ. ಅವರಿಗೂ ನೀವು ಯಾರು ಅಂತ ಹೇಳಲ್ಲ. ನಿಯಮ."

ಶಶಿಧರ ಪೊರಕೆ ಹಿಡಿದುಕೊಂಡೇ ಒಪ್ಪಿಕೊಂಡ. ಆ ವಾರ ಪೂರ್ತಿ ಫೋನಿನಲ್ಲಿ ಕಾಂಡಕೋಶದ ವಿಷಯವನ್ನೇ ಓದಿದ. ಎಲ್ಲೋ ಒಂದು ದೇಶದಲ್ಲಿ ಸುಟ್ಟ ಕಣ್ಣಿಗೆ ಅದರಿಂದ ಹೊಸ ಪೊರೆ ಬೆಳೆಸುತ್ತಾರಂತೆ, ಇನ್ನೊಂದು ಕಡೆ ಸಕ್ಕರೆ ಕಾಯಿಲೆಗೆ ಪ್ರಯೋಗ ನಡೆಯುತ್ತಿದೆಯಂತೆ. ಅದರ ಪಕ್ಕದಲ್ಲೇ, ಸೊಂಟನೋವಿನಿಂದ ಹಿಡಿದು ಬೋಳುತಲೆಯವರೆಗೆ ಎಲ್ಲ ವಾಸಿ ಮಾಡುತ್ತೇವೆ ಎನ್ನುವ ಜಾಹೀರಾತುಗಳು. ಹಾಲಿಗೆ ನೀರು ಬೆರೆಸುವವರು ಎಲ್ಲ ಕಸುಬಿನಲ್ಲೂ ಇದ್ದಾರೆ ಎಂದುಕೊಂಡ. ಮುದ್ದಯ್ಯ ಮಾತ್ರ ಬಿಡಲಿಲ್ಲ. "ನನ್ನ ಮಂಡಿಗೆ ಆಯ್ತದೇನ್ಲಾ? ಒಂಚೂರು ಇತ್ತಗೂ ಬುಡು" ಎಂದು ದಿನವೂ ಕೇಳುತ್ತಿದ್ದರು.

ಒಪ್ಪದಿದ್ದವಳು ತಾಯಿ ಚಿಕ್ಕಬೋರಮ್ಮ. ಗಂಡ ಆಸ್ಪತ್ರೆಗೆ ನಡೆದುಕೊಂಡು ಹೋಗಿ ಗಾಡಿಯಲ್ಲಿ ಮಲಗಿ ವಾಪಸ್ ಬಂದದ್ದನ್ನು ಕಂಡವಳು ಅವಳು. ಆಸ್ಪತ್ರೆ ಎಂದರೆ ಮುಖ ಗಂಟಾಗುತ್ತಿತ್ತು.

"ಬೆನ್ನುಮೂಳೆಯಿಂದ ನೀರು ಬಸೀತಾರಂತೆ. ಸೊಂಟ ಬಿದ್ದೋದ್ರೆ ಯಾರ್ಲಾ ನಿನ್ನ ಎತ್ತಿ ಕೂರ್ಸೋರು?"

"ಬೆನ್ನಿಗೆ ಚುಚ್ಚಲ್ಲ ಕಣವ್ವ. ಕೆನೆ ತಗಿಯೋ ಮಿಷನ್ನು ನೋಡಿದ್ದೀಯಲ್ಲ, ಅಂಗೇಯ. ಈ ಕೈಯಿಂದ ರಕ್ತ ತಕಂಡು, ಕೆನೆ ಇಟ್ಕಂಡು, ಮಿಕ್ಕಿದ್ದ ಆ ಕೈಗೆ ವಾಪಸ್ ಬುಡ್ತಾರೆ."

"ಕೆನೆ ತಗುದ್ಮೇಲೆ ನಿನ್ನೊಳಗೆ ಇನ್ನೇನ್ಲಾ ಮಿಕ್ಕದು, ಮಜ್ಜಿಗೆ ನೀರಾ?"

ಮೂರು ದಿನ ಅವಳು ಮಗನ ಜೊತೆ ಊಟಕ್ಕೆ ಕೂರಲಿಲ್ಲ. ನಾಲ್ಕನೆಯ ದಿನ ಅರ್ಪಿತ ಪಾಠ ಓದುತ್ತಾ ಕೂತಿದ್ದಾಗ ಅಜ್ಜಿ ಅವಳನ್ನೇ ತುಂಬ ಹೊತ್ತು ನೋಡುತ್ತಿದ್ದಳು.

"ಆ ಕೂಸ್ಗೂ ಒಂಬತ್ತೇ ವರ್ಸವಾ?" ಎಂದು ಕೇಳಿದಳು.

"ಊಂ ಕಣವ್ವ. ಇವ್ಳ ವಾರಿಗೆಯೇ."

"ಓಗು ಅಂಗಾದ್ರೆ. ಆದ್ರೆ ಸುಮ್ನೆ ಕಳ್ಸಕ್ಕಿಲ್ಲ. ನೀನು ನೆಟ್ಗೆ ಮನೆಗೆ ಬಂದು, ಆ ಕೂಸು ಬದುಕ್ಕಂಡ್ರೆ, ಮಾರವ್ವನ ಅಬ್ಬದಲ್ಲಿ ಬಾಯಿಬೀಗ ಆಕುಸ್ಕತೀನಿ ಅಂತ ಅರಕೆ ಒತ್ಕೊ."

ಬಾಯಿಬೀಗ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹರಕೆ ಹೊತ್ತವನು ಉಪವಾಸವಿದ್ದು, ಅರಿಶಿನದ ಬಟ್ಟೆಯುಟ್ಟು, ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಳು ಚುಚ್ಚಿಸಿಕೊಂಡು ದೇವಿಯ ಮುಂದೆ ನಡೆಯುತ್ತಾನೆ. ಅವನ ಅಪ್ಪನೂ ಮಾಡಿದ್ದ, ತಾತನೂ ಮಾಡಿದ್ದ. ಶಶಿಧರ ಒಪ್ಪಿದ. ಒಂದು ಜೀವದ ಮುಂದೆ ಎರಡು ತೂತು ಯಾವ ದೊಡ್ಡ ವಿಷಯ?

ಹರಕೆ ಕಟ್ಟಿಸಲು ಹೋದಾಗ ಪೂಜಾರಿ ಮರಿಯಯ್ಯ, ಯಾರ ಹೆಸರಿಗೆ ಎಂದು ಕೇಳಿದ. ಹೆಸರಿಲ್ಲದೆ ದೇವಿಗೆ ಗುರುತು ಹತ್ತುವುದು ಹೇಗೆ? ಚಿಕ್ಕಬೋರಮ್ಮ ಮಗನ ಮುಖ ನೋಡಿದಳು, ಮಗ ಹೆಂಡತಿಯ ಮುಖ ನೋಡಿದ. ಅರ್ಪಿತ ಮುಂದೆ ಬಂದು, "ಅವಳ ರಕ್ತ ವಿಮಾನದಲ್ಲಿ ಹೋಗುತ್ತಲ್ಲ, ಗಗನ ಅನ್ನಿ" ಎಂದಳು. ಅಂದಿನಿಂದ ಆ ಮಗು ಅವರ ಮನೆಯಲ್ಲಿ ಗಗನ ಆಯಿತು. ಚಳಿ ಬಿದ್ದರೆ, "ಗಗನನ ಊರಲ್ಲಿ ಇನ್ನೆಷ್ಟು ಚಳಿಯೋ" ಎಂದು ಚಿಕ್ಕಬೋರಮ್ಮ ಒಲೆಯ ಮುಂದೆ ಕೂತು ಹಲುಬುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಕೆಲಸ ನಡೆಯಿತು. ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯಲೆಂದು ಐದು ದಿನ ಮಂಡ್ಯದಲ್ಲಿ ಸೂಜಿಮದ್ದು ತೆಗೆದುಕೊಂಡ. ಮೈಯ ಮೂಳೆಮೂಳೆಯೂ ನೋಯಿತು. ಆಮೇಲೆ ಬೆಂಗಳೂರಿನಲ್ಲಿ ನಾಲ್ಕೂವರೆ ಗಂಟೆ ಮಿಷನ್ನಿನ ಪಕ್ಕ ಮಲಗಿದ. ತಾಯಿಗೆ ತಾನು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ರಕ್ತ ತಿರುಗುತ್ತಿತ್ತು, ಮೇಲೆ ಒಂದು ಚಿಕ್ಕ ಚೀಲದಲ್ಲಿ ನಸುಗೆಂಪು ಕೆನೆ ಕೂಡುತ್ತಿತ್ತು. ಒಬ್ಬಾತ ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಎದೆಗವುಚಿಕೊಂಡು ಏರ್‌ಪೋರ್ಟಿಗೆ ಹೊರಟ. ಹಾಲಿನ ಗಾಡಿ ಹೊರಟಾಗ ಹಾಲು ತಣ್ಣಗಿದೆಯೇ ನೋಡುವ ಅಭ್ಯಾಸದಿಂದ ಶಶಿಧರ, "ತಣ್ಣಗಿರ್ತದಾ ಸಾರ್ ಅಲ್ಲೀಗಂಟ?" ಎಂದು ಕೇಳಿದ. ಇರುತ್ತೆ ಎಂದು ಆತ ನಕ್ಕ.

ಪ್ರಸನ್ನ ಅವನ ಕೈಗೆ ಒಂದು ಚಿಕ್ಕ ಪುಸ್ತಕ ಕೊಟ್ಟರು. ಇದೇ ರೋಗಿಗೆ ಮತ್ತೆ ಬೇಕಾಗಬಹುದು, ಎರಡು ವರ್ಷ ಎಚ್ಚರವಿರಲಿ ಎಂದು ಅದರಲ್ಲಿ ಬರೆದಿತ್ತು. ಹಚ್ಚೆ ಹಾಕಿಸಿಕೊಳ್ಳಬೇಡಿ, ಕಿವಿ ಮೂಗು ಚುಚ್ಚಿಸಿಕೊಳ್ಳಬೇಡಿ ಎಂದೂ ಇತ್ತು. ಬಸ್ಸಿನಲ್ಲಿ ಎರಡು ಸಲ ಓದಿದ. ಈ ವಯಸ್ಸಿನಲ್ಲಿ ನಾನು ಮೂಗುಬೊಟ್ಟು ಇಡುತ್ತೇನೆಯೇ ಎಂದು ನಗು ಬಂತು. ಮನೆಗೆ ಬಂದು ಪುಸ್ತಕವನ್ನು ಭಕ್ತಿಯಿಂದ ದೇವರ ಪಟದ ಹಿಂದೆ ಇಟ್ಟ. ಊರಿಗೆಲ್ಲ ನೋಟೀಸು ಓದಿ ಹೇಳುವ ಮನುಷ್ಯ ತನ್ನ ನೋಟೀಸನ್ನು ಪಟದ ಹಿಂದಿಟ್ಟ! ಅಂದು ಅಲ್ಲಿದ್ದಿದ್ದರೆ ರಟ್ಟೆ ಹಿಡಿದು ಅಲ್ಲಾಡಿಸುತ್ತಿದ್ದೆ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಅವನ ಮನಸ್ಸಿನಲ್ಲಿ ಕಿವಿ ಚುಚ್ಚುವುದು ಅಕ್ಕಸಾಲಿಯ ಕೆಲಸ. ಬಾಯಿಬೀಗ ದೇವರ ಕೆಲಸ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಯುಗಾದಿಗೆ ಇನ್ನೂ ಹತ್ತು ದಿನವಿರುವಾಗ ಪ್ರಸನ್ನ ಫೋನು ಮಾಡಿದರು. ಕೋಶಗಳು ಕೂತುಕೊಂಡಿವೆ, ಮಗುವಿನ ಮೈಯಲ್ಲಿ ಹೊಸ ರಕ್ತ ಹುಟ್ಟುತ್ತಿದೆ ಎಂದರು. ಅಂದು ಸಂಜೆ ಡೈರಿಗೆ ಹಾಲು ತಂದವರಿಗೆಲ್ಲ ಶಶಿಧರ ಬೆಲ್ಲ ಹಂಚಿದ. ಚಿಕ್ಕಬೋರಮ್ಮ ಮಾರವ್ವನ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಬ್ಬ ಬಂತು. ಆ ವರ್ಷ ಬಾಯಿಬೀಗಕ್ಕೆ ಹನ್ನೆರಡು ಜನ ಕೂತಿದ್ದರು. ಶಶಿಧರ ಒಂಬತ್ತನೆಯವನು. ಹಳೆಯ ಕಾಲದ ಎರಡು ಸರಳುಗಳಿದ್ದವು. ಒಬ್ಬರು ಗುಡಿ ಸುತ್ತಿ ಬಂದ ಮೇಲೆ ಮರಿಯಯ್ಯ ಸರಳನ್ನು ತೆಗೆದು, ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ವಿಭೂತಿ ಬಳಿದು, ಮುಂದಿನವನ ಕೆನ್ನೆಗೆ ಇಡುತ್ತಿದ್ದ. ಶಶಿಧರನಿಗೆ ನೋವೇ ಆಗಲಿಲ್ಲ. ಒಂದು ತೊಟ್ಟು ರಕ್ತ ಗದ್ದಕ್ಕೆ ಇಳಿಯಿತು, ಅಷ್ಟೆ. ವೀಣ ಆರತಿ ಹಿಡಿದು ಹಿಂದೆ ನಡೆದಳು. ಚಿಕ್ಕಬೋರಮ್ಮ ಸಿಕ್ಕವರಿಗೆಲ್ಲ, "ನನ್ನ ಮಗ ಪರದೇಸದ ಕೂಸ್ಗೆ ಅರಕೆ ತೀರುಸ್ತಾವ್ನೆ ಕಣಮ್ಮ" ಎಂದು ಹೇಳುತ್ತಿದ್ದಳು. ಅಷ್ಟು ಹೆಮ್ಮೆಯಿಂದ ಅವಳು ನಡೆದಾಡಿದ್ದನ್ನು ಊರು ಆಮೇಲೆ ನೋಡಿಲ್ಲ. ತೂತು ವಾರದಲ್ಲಿ ಮಾಯ್ದವು. ಮೇಲೆ ಗಡ್ಡ ಬಂತು.

ಶ್ರಾವಣದಲ್ಲಿ ಮತ್ತೆ ಫೋನು. ಈ ಸಲ ಪ್ರಸನ್ನರ ದನಿ ಬೇರೆಯಿತ್ತು.

"ಶಶಿಧರ್ ಅವರೇ, ಮಗುವಿಗೆ ರೋಗ ಮರುಕಳಿಸಿದೆ. ಅಲ್ಲಿನ ಡಾಕ್ಟರು ಮತ್ತೆ ನಿಮ್ಮಿಂದಲೇ ಕೇಳಿದ್ದಾರೆ. ಕಾಲ ಬಹಳ ಕಡಿಮೆ ಇದೆ."

"ನಾಳೆನೇ ಬತ್ತೀನಿ ಸಾರ್."

"ಕೆಲವು ಪ್ರಶ್ನೆ ಕೇಳಲೇಬೇಕು. ಹಚ್ಚೆ ಹಾಕಿಸಿಕೊಂಡಿದ್ದೀರಾ?"

"ಇಲ್ಲ ಸಾರ್."

"ಕಿವಿ ಮೂಗು ಏನಾದರೂ ಚುಚ್ಚಿಸಿಕೊಂಡಿದ್ದೀರಾ?"

"ಅಯ್ಯೋ, ಇಲ್ಲ ಸಾರ್."

ಅವನು ಸುಳ್ಳು ಹೇಳಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವನಿಗೆ ನೆನಪೇ ಆಗಲಿಲ್ಲ.

ಬೆಂಗಳೂರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಐದನೆಯ ದಿನ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂಬ ಕರೆ ಬಂತು. ಸೂಜಿಮದ್ದಿನ ದಿನಗಳನ್ನು ಗೊತ್ತು ಮಾಡಲು ಇರಬೇಕೆಂದು ವೀಣ ಒಂದು ವಾರದ ಬಟ್ಟೆ ತುಂಬಿಕೊಂಡಳು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ, ಬಾಗಿಲು ಮುಚ್ಚಿ, ನಿಧಾನವಾಗಿ ಮಾತಾಡಿದರು. ಅವನ ರಕ್ತದಲ್ಲಿ ಕಾಮಾಲೆಯ ಒಂದು ವೈರಸ್ ಇತ್ತು. ಹೆಪಟೈಟಿಸ್ ಬಿ. ಜನವರಿಯಲ್ಲಿ ಇರಲಿಲ್ಲ. ಈಗ ಇದೆ.

"ಇತ್ತೀಚೆಗೆ ಆಪರೇಶನ್ ಆಗಿದೆಯಾ? ರಕ್ತ ಹಾಕಿಸಿಕೊಂಡಿದ್ದೀರಾ? ಬೇರೆಯವರಿಗೆ ಚುಚ್ಚಿದ ಸೂಜಿ, ಬ್ಲೇಡು, ಅಂಥದ್ದೇನಾದರೂ ನಿಮಗೆ ಚುಚ್ಚಿದ್ದಾರಾ?"

ಶಶಿಧರ ಇಲ್ಲ ಎನ್ನಲು ಬಾಯಿ ತೆರೆದ. ಕೈ ತಾನಾಗಿಯೇ ಗಡ್ಡದೊಳಗೆ ಹೋಗಿ ಎಡಗೆನ್ನೆಯ ಗಂಟು ಮುಟ್ಟಿತು. ವೀಣ ಅದನ್ನು ನೋಡಿದಳು. ಅವಳ ಬಾಯಿಂದ "ಅಯ್ಯೋ ಮಾರವ್ವ" ಎಂದು ಬಂತು.

ಹೇಳಿದ. ಡಾಕ್ಟರಮ್ಮ ಬೈಯಲಿಲ್ಲ. ಅದರಿಂದಲೇ ಬಂತೆಂದು ನಾನು ಆಣೆ ಮಾಡಿ ಹೇಳಲಾರೆ ಎಂದರು. ನಿಮಗೆ ಭಯವಿಲ್ಲ, ನಿಮ್ಮ ವಯಸ್ಸಿನವರಲ್ಲಿ ಬಹಳ ಜನಕ್ಕೆ ಆರು ತಿಂಗಳೊಳಗೆ ಅದು ತಾನಾಗಿ ಹೋಗುತ್ತದೆ, ಹೆಂಡತಿಗೂ ಮನೆಯವರಿಗೂ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿ ಎಂದರು. ಅವನಿಗೆ ಅದು ಯಾವುದೂ ಕಿವಿಗೆ ಬೀಳಲಿಲ್ಲ.

"ಹೋದ್ಮೇಲೆ ಕೊಡಬೌದಾ ಮೇಡಂ?"

"ಆ ಮಗುವಿಗೆ ಅಷ್ಟು ಕಾಲ ಇಲ್ಲ."

"ಹೋದ ಸಲದ್ದು ಒಂಚೂರು ಮಿಕ್ಕಿರಬೌದಲ್ವಾ?"

"ಇಲ್ಲ. ವಿಚಾರಿಸಿದೆವು."

ಆಮೇಲೆ, ಇದು ಹುಚ್ಚು ಮಾತೆಂದು ಗೊತ್ತಿದ್ದೂ ಕೇಳಿದ.

"ತಕಂಡು, ಕಾಯ್ಸಿ ಕೊಡಕ್ಕಾಗಲ್ವಾ? ನಮ್ಮ ಟ್ಯಾಂಕಿನ ಹಾಲನ್ನ ಮಂಡ್ಯದಲ್ಲಿ ಕಾಯ್ಸಿ, ಉಳ ಸಾಯ್ಸಿ, ತಣ್ಣಗೆ ಮಾಡ್ತಾರೆ. ಅಂಗೆ ಏನಾದ್ರೂ…"

"ಅದರಲ್ಲಿರೋದು ಜೀವಂತ ಕೋಶ ಶಶಿಧರ್. ಕಾಯಿಸಿದರೆ ಅದೂ ಸಾಯುತ್ತೆ. ಮಗುವಿನ ಮೈಯಲ್ಲಿ ಈಗ ತಡೆಯೋ ಶಕ್ತಿ ಏನೂ ಇಲ್ಲ. ನಿಮ್ಮ ವೈರಸ್ ಅದರ ಜೊತೆ ಹೋದರೆ ಕ್ಯಾನ್ಸರಿಗಿಂತ ಮೊದಲು ಅದೇ ಮುಗಿಸುತ್ತೆ."

ಇದು ಅವನಿಗೆ ಅರ್ಥವಾಯಿತು. ಬೇರೆ ಯಾರಿಗೆ ಅರ್ಥವಾಗದಿದ್ದರೂ ಅವನಿಗೆ ಆಗಲೇಬೇಕು. ಮುದ್ದಯ್ಯನ ಕ್ಯಾನನ್ನು ಅವನು ಎಷ್ಟು ಸಲ ವಾಪಸ್ ಕಳಿಸಿಲ್ಲ? ನೋಡಲು ಬೆಳ್ಳಗೇ ಇರುತ್ತಿತ್ತು. ಡಾಕ್ಟರಮ್ಮನ ಜಾಗದಲ್ಲಿ ತಾನಿದ್ದಿದ್ದರೂ ಅದೇ ಮಾತು ಹೇಳುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಕೂಗಾಡಲಿಕ್ಕೂ ಕಾಲು ಹಿಡಿಯಲಿಕ್ಕೂ ಅವನಿಗೆ ದಾರಿಯಿರಲಿಲ್ಲ.

ಕೊನೆಗೆ, "ನನ್ನ ಮಗಳದ್ದು?" ಎಂದ. ವೀಣ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಅದು ಅರ್ಧವೂ ಹೊಂದದೆ ಇರಬಹುದು, ಅಲ್ಲದೆ ಹೊರಗಿನವರಿಗಾಗಿ ಮಕ್ಕಳಿಂದ ತೆಗೆಯುವುದಿಲ್ಲ ಎಂದರು ಡಾಕ್ಟರಮ್ಮ. ಆ ಮಗುವಿನ ಅಪ್ಪನದು ಅರ್ಧ ಹೊಂದುತ್ತದಂತೆ, ಅದನ್ನೇ ಹಾಕಿ ನೋಡುತ್ತಾರಂತೆ. ಅದರಲ್ಲೂ ಬದುಕಿದವರಿದ್ದಾರೆ. ಇನ್ನೊಂದು ಮಾತನ್ನು ಅವರು ಬಾಗಿಲವರೆಗೆ ಬಂದು ಹೇಳಿದರು: ಇನ್ನು ಮೇಲೆ ನೀವು ಯಾರಿಗೂ ರಕ್ತ ಕೊಡಬೇಡಿ.

ವೀಣ ತುಂಬಿಕೊಂಡು ಬಂದಿದ್ದ ವಾರದ ಬಟ್ಟೆಯ ಚೀಲವನ್ನು ಅವನೇ ಹೊತ್ತುಕೊಂಡ. ಮದ್ದೂರಿನಲ್ಲಿ ಬಸ್ಸು ನಿಂತಾಗ ವಡೆ ಮಾರುವವರು ಕಿಟಕಿಗೆ ಬಂದರು. ವೀಣ ಎರಡು ತೆಗೆದುಕೊಂಡಳು, ಇಬ್ಬರೂ ತಿನ್ನಲಿಲ್ಲ.

"ಅತ್ತೆಗೆ ಏನ್ ಹೇಳ್ತೀರಿ?" ಎಂದಳು.

"ಏನೂ ಹೇಳಕ್ಕಿಲ್ಲ."

"ಅವ್ರು ಒಪ್ಪಬೇಕಾದ್ರೆ ಇದನ್ನ ಮಾಡ್ಲೇಬೇಕು ಅಂದಿದ್ರು. ಅವ್ರಿಗೆ ಗೊತ್ತಾಗ್ಲಿ."

ವೀಣಳ ದನಿಯಲ್ಲಿ ಸಿಟ್ಟಿತ್ತು, ಅದು ನ್ಯಾಯದ ಸಿಟ್ಟೇ. ಆದರೆ ಶಶಿಧರ ಬೇಡವೆಂದು ತಲೆಯಾಡಿಸಿದ. "ಅವ್ವ ಆ ಮಾತು ಅಂದಿದ್ದಕ್ಕೇ ವೀಣ, ಮೊದಲ್ನೇ ಸಲ ಕೊಡಕ್ಕಾಗಿದ್ದು. ಈಗ ಹೇಳುದ್ರೆ ಅವ್ಳು ಉಳೀತಾಳಾ?" ವೀಣ ವಡೆಯ ಪೊಟ್ಟಣವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಂಡ್ಯ ಬರುವ ಹೊತ್ತಿಗೆ ಅವಳು ಅಳುತ್ತಿದ್ದಳು.

ವೀಣಳ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಅದೊಂದು ಪುಣ್ಯ. ಮಂಡ್ಯದಲ್ಲಿ ಉಚಿತ ಶಿಬಿರ ಎಂದು ಸುಳ್ಳು ಹೇಳಿ ತಾಯಿಗೂ ಮಗಳಿಗೂ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿದರು, ಅವರಿಗೂ ಏನೂ ಇರಲಿಲ್ಲ. ಶಶಿಧರ ಅಂದು ಬಾಯಿಬೀಗಕ್ಕೆ ಕೂತಿದ್ದ ಉಳಿದ ಹನ್ನೊಂದು ಜನರ ಮನೆಗೂ ಹೋಗಿ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿಕೊಂಡ. ಹಾಲು ಬಿಟ್ಟು ರಕ್ತ ಟೆಸ್ಟು ಮಾಡಲು ಹೊರಟೆಯೇನೋ ಎಂದು ನಕ್ಕರು. ಮೂವರು ಹೋದರು, ಎಂಟು ಜನ ಹೋಗಲಿಲ್ಲ. ಅವನಿಗಿಂತ ಮುಂಚೆ ಅದೇ ಸರಳು ಹಾಕಿಸಿಕೊಂಡಿದ್ದ ಪುಟ್ಟರಾಜು ಹೋದ ವರ್ಷ ಕಣ್ಣು ಅರಿಶಿನವಾಗಿ ಸೊಪ್ಪಿನ ಮದ್ದು ಕುಡಿದವನು. ಅವನೇ, "ನಂಗೇನಾಗದೆ, ಕಲ್ಲಿದ್ದಂಗಿವ್ನಿ" ಎಂದು ಎದೆ ತಟ್ಟಿಕೊಂಡ.

ಮರಿಯಯ್ಯನ ಹತ್ತಿರವೂ ಹೋದ. ಒಬ್ಬೊಬ್ಬರಿಗೆ ಒಂದೊಂದು ಹೊಸ ಸರಳು ಇಡೋಣ, ತಾನೇ ಮಾಡಿಸಿಕೊಡುತ್ತೇನೆ ಎಂದ.

"ದೇವ್ರ ಸರಳ್ಗೆ ಕಾಯ್ಲೆ ಅಂಟ್ತದೇನ್ಲಾ?" ಎಂದ ಮರಿಯಯ್ಯ. ಅವನಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. "ನಮ್ಮಪ್ಪ, ನಮ್ ತಾತ, ಅವ್ರೆಲ್ಲ ಊರ್ಗೆ ಕಾಯ್ಲೆ ಅಂಚ್ತಿದ್ರಾ? ಅಂಗಂತೀಯಾ ನೀನು?"

ಡೈರಿಯಲ್ಲಾದರೆ ಒಂದು ಮಾತಿನಲ್ಲಿ ಮುಗಿಸುವ ಮನುಷ್ಯ ಅಲ್ಲಿ ಕೈಕಟ್ಟಿಕೊಂಡು ನಿಂತ.

ಪ್ರಸನ್ನರಿಗೆ ವಾರಕ್ಕೊಂದು ಸಲ ಫೋನು ಮಾಡುತ್ತಿದ್ದ. ಅಪ್ಪನ ಕೋಶ ಹಾಕಿದ್ದಾರೆ ಎಂದು ಒಂದು ಸಲ ಹೇಳಿದರು. ಕಾಯುತ್ತಿದ್ದಾರೆ ಎಂದು ಇನ್ನೊಂದು ಸಲ. ಆಮೇಲೆ, ಅಲ್ಲಿಂದ ನಮಗೂ ಸುದ್ದಿ ಬಂದಿಲ್ಲ ಎಂದರು. ಆಮೇಲಾಮೇಲೆ ಅದೇ ಮಾತನ್ನು ಹೇಳಲು ಅವರಿಗೂ ಕಷ್ಟವಾಗುತ್ತಿದೆ ಎಂದು ಗೊತ್ತಾಗಿ ಶಶಿಧರನೇ ಫೋನು ಮಾಡುವುದನ್ನು ಬಿಟ್ಟ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಕ್ಷಮಿಸು ಎಂದು ಒಂದು ಕಾಗದ ಬರೆಯೋಣವೆಂದರೆ ಯಾವ ವಿಳಾಸಕ್ಕೆ ಬರೆಯುವುದು? ಆ ಕಡೆಯವರಿಗೂ ಅಷ್ಟೆ, ಯಾರೋ ದಾನಿಗೆ ಈ ಸಲ ಕೊಡಲಾಗಲಿಲ್ಲ ಎಂದಷ್ಟೇ ತಿಳಿದಿರುತ್ತದೆ. ಮನಸ್ಸು ಬದಲಾಯಿಸಿದ ಎಂದುಕೊಂಡಿದ್ದಾರೋ ಏನೋ. ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಅದೇ.

ಚಿಕ್ಕಬೋರ‍ಮ್ಮನಿಗೆ ವಿಷಯ ಗೊತ್ತಾದದ್ದು ಅರ್ಪಿತಳಿಂದ. ಪೂರ್ತಿ ವಿಷಯವಲ್ಲ, ಗಗನಳಿಗೆ ಮತ್ತೆ ಹುಷಾರಿಲ್ಲ ಎಂಬುದಷ್ಟೆ. ಅಪ್ಪ ಅಮ್ಮ ಮಾತಾಡುತ್ತಿದ್ದಾಗ ಮಗುವಿನ ಕಿವಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಚಿಕ್ಕಬೋರಮ್ಮ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ, ಹಾಲಿನ ಹೊತ್ತಿಗೆ ಸರಿಯಾಗಿ ಡೈರಿಗೆ ಬಂದಳು. ಕೈಯಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು ಇತ್ತು. ಸಾಲಿನಲ್ಲಿ ನಿಂತಿದ್ದವರು ದಾರಿ ಬಿಟ್ಟರು.

"ಯಾಕ್ಲಾ ಮಗ, ಗಗನಂಗೆ ಮತ್ತೆ ಜೋರಾಗದೆ ಅಂತೆ, ನಂಗೊಂದ್ ಮಾತು ಏಳ್ಬಾರ್ದಾ?"

ಶಶಿಧರನ ಕೈಯಲ್ಲಿ ಲ್ಯಾಕ್ಟೋಮೀಟರ್ ಇತ್ತು. "ಏಳಣ ಅಂತಿದ್ದೆ ಕಣವ್ವ" ಎಂದ.

"ನೀನು ಓಗಿ ಕೊಟ್ಬುಟ್ಟು ಬಾ. ನಾನು ಈ ಸಲ ಅಡ್ಡ ಬರಕ್ಕಿಲ್ಲ. ಮುಡಿಪು ಕಟ್ಟಿವ್ನಿ ನೋಡು. ಓದ ಸಲ ನೀನೊಬ್ಬ ಆಕುಸ್ಕಂಡೆ, ಅದ್ಕೇ ಅರ್ಧವೇ ವಾಸಿಯಾಯ್ತು. ಈ ಸಲ ಎಲ್ಡು ಸರಳು. ನಿಂದೊಂದು, ನಂದೊಂದು."

ಮುದ್ದಯ್ಯ, "ನಿನ್ನ ಬಾಯ್ಗೆ ಬೀಗ ಆಕ್ದ್ರೆ ಊರೇ ತಣ್ಣಗಿರ್ತದೆ ಬುಡಕ್ಕ" ಎಂದರು. ಸಾಲು ನಕ್ಕಿತು. ಚಿಕ್ಕಬೋರಮ್ಮನೂ ನಕ್ಕಳು. ಬೊಚ್ಚುಬಾಯಿ, ಎಪ್ಪತ್ತರ ಸುಕ್ಕು ಕೆನ್ನೆ. ಆ ಕೆನ್ನೆಯನ್ನು ಶಶಿಧರ ನೋಡಿದ. ಹೇಳಬೇಕಾದ ಮಾತು ಒಂದೇ ಇತ್ತು, ಹದಿಮೂರು ವರ್ಷದಿಂದ ಇದೇ ಜಾಗದಲ್ಲಿ ನಿಂತು ದಿನಕ್ಕೆ ಎರಡು ಹೊತ್ತು ಹೇಳುತ್ತಾ ಬಂದ ಮಾತು. "ವಾಪಸ್" ಎಂಬ ಆ ಮಾತನ್ನು ತಾಯಿಗೆ ಹೇಳದೆ ಲ್ಯಾಕ್ಟೋಮೀಟರನ್ನು ಕ್ಯಾನಿಗೆ ಇಳಿಬಿಟ್ಟ.

"ಯಾವಾಗ್ಲಾ ಓಯ್ತೀಯಾ ಬೆಂಗಳೂರ್ಗೆ?"

"ಕರೀತಾರೆ ಕಣವ್ವ. ಕರುದ್ರೆ ಓಯ್ತೀನಿ."

"ಮತ್ತೆ ಅರಕೆ?"

"ಆಗ್ಲಿ." ಅವನು ಮುಂದಿನ ಕ್ಯಾನಿನ ಮುಚ್ಚಳ ತೆಗೆದ. "ಆದ್ರೆ ಸರಳು ನಾನು ತತ್ತೀನಿ, ಒಸಾದು. ಗುಡೀದು ಬ್ಯಾಡ."

"ಒಸಾದಾ? ಬೆಳ್ಳೀದು ತತ್ತೀಯಾ, ನಮ್ ಗಗನನ ಎಸ್ರಿಗೆ?" ಚಿಕ್ಕಬೋರಮ್ಮನ ಮುಖ ಅರಳಿತು. ಮಗ ಈ ಸಲ ತನಗಿಂತ ಹೆಚ್ಚು ನಂಬಿದ್ದಾನೆ ಎಂದುಕೊಂಡಳು.

"ಬೆಳ್ಳೀದೇ ತತ್ತೀನಿ ಕಣವ್ವ" ಎಂದು ಶಶಿಧರ ಕ್ಯಾನಿನ ಮೇಲೆ ಬಗ್ಗಿ ಹಾಲು ಮೂಸಿದ.